ತೊಂಬತ್ತೇಳು ಅಂಕಗಳ ಫ್ರೆಂಚ್: ನಿಡಘಟ್ಟದ ಒಂದು ವಿದ್ಯಾಪ್ರಸಂಗ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ದಾಟಿ ಮಂಡ್ಯ ಜಿಲ್ಲೆಯನ್ನು ಪ್ರವೇಶಿಸುವಾಗ ಸಿಗುವ ಊರು ನಿಡಘಟ್ಟ. ಮದ್ದೂರು ತಾಲ್ಲೂಕಿಗೆ ಸೇರಿದ ಈ ಗ್ರಾಮದ ಹೆಸರು ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ದಶಪಥ ಹೆದ್ದಾರಿಯ ಕಾಮಗಾರಿಯನ್ನು ಎರಡು ಭಾಗಗಳಾಗಿ ವಿಂಗಡಿಸಿದ್ದರು: ಬೆಂಗಳೂರಿನಿಂದ ನಿಡಘಟ್ಟದವರೆಗೆ ಒಂದು, ನಿಡಘಟ್ಟದಿಂದ ಮೈಸೂರಿನವರೆಗೆ ಇನ್ನೊಂದು. ಹೀಗೆ ಊರು ಕಡತಗಳಲ್ಲಿ ಒಂದು ಗಡಿಗುರುತಾಯಿತು. ಈ ಊರಿನ ಒಬ್ಬ ವಿದ್ಯಾರ್ಥಿನಿಯ ಓದಿನಲ್ಲಿಯೂ ಇಂಥದೇ ಒಂದು ಗಡಿ ಬಿದ್ದಿತ್ತು. ಹತ್ತನೆಯ ತರಗತಿಯವರೆಗೆ ಕನ್ನಡ, ಅಲ್ಲಿಂದ ಮುಂದೆ ಫ್ರೆಂಚ್. ಆ ಗಡಿಯಲ್ಲಿ ಏನು ಕಳೆಯಿತು, ಕಳೆದುದನ್ನು ಮರಳಿ ಗಳಿಸಲು ಎಷ್ಟು ವರ್ಷ ಬೇಕಾಯಿತು ಎಂಬುದು ಆಕೆಯೊಬ್ಬಳ ಪ್ರಶ್ನೆಯಷ್ಟೇ ಅಲ್ಲದೆ, ಕರ್ನಾಟಕದ ಪದವಿಪೂರ್ವ ಹಂತದ ಭಾಷಾ ಶಿಕ್ಷಣದ ಪ್ರಶ್ನೆಯೂ ಆಗಿದೆ.

ಆಕೆಯ ತಂದೆ ಕಬ್ಬು, ಭತ್ತಗಳನ್ನು ಬೆಳೆಯುವ ರೈತ. ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಭಾಷೆ ಕನ್ನಡದ 125 ಅಂಕಗಳಲ್ಲಿ ಮಗಳಿಗೆ 122 ಬಂದುದನ್ನು ಆತ ಊರಿನಲ್ಲಿ ಹೇಳಿಕೊಂಡು ತಿರುಗಿದ್ದುಂಟು. ಬೆಂಗಳೂರಿನಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಉಳಿದು ಓದಲೆಂದು ಆಕೆಯನ್ನು ಅಲ್ಲಿನ ಒಂದು ಪದವಿಪೂರ್ವ ಕಾಲೇಜಿಗೆ ಸೇರಿಸಿದರು. ಪ್ರವೇಶದ ದಿನ ಅರ್ಜಿ ತುಂಬಿಸಿಕೊಳ್ಳುತ್ತಿದ್ದವರು ಭಾಷೆಯ ಅಂಕಣದ ಬಳಿ ಪೆನ್ನು ನಿಲ್ಲಿಸಿ, "ಕನ್ನಡ ತಗೊಂಡ್ರೆ ಎಂಬತ್ತೈದಕ್ಕೆ ನಿಲ್ಲುತ್ತೆ, ಫ್ರೆಂಚ್ ತಗೊಂಡ್ರೆ ತೊಂಬತ್ತೈದರ ಮೇಲೆ. ಯಾವುದು ಬರೀಲಿ?" ಎಂದು ಕೇಳಿದರು. ಕೇಳಿದ್ದು ತಂದೆಯನ್ನು; ಮಗಳನ್ನಲ್ಲ. ಕಬ್ಬಿನ ತೂಕ, ದರಗಳನ್ನು ಲೆಕ್ಕ ಹಾಕಿ ಬಲ್ಲ ಆ ರೈತನಿಗೆ ಹತ್ತು ಅಂಕಗಳ ವ್ಯತ್ಯಾಸ ಅರ್ಥವಾಗುವಂಥದೇ. "ಜಾಸ್ತಿ ಬರೋದನ್ನೇ ಬರ್ಕೊಳಿ ಸ್ವಾಮಿ" ಎಂದ. ಒಂದು ಸಾಲಿನ ಈ ಉತ್ತರದಿಂದ, ಆರು ವಿಷಯಗಳ 600 ಅಂಕಗಳ ವ್ಯವಸ್ಥೆಯಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಆಕೆಯ ಎರಡು ಭಾಷೆಗಳಾದವು. ಕನ್ನಡ ಪಾಠಪಟ್ಟಿಯಿಂದ ಹೊರಗುಳಿಯಿತು.

ಭಾಷೆಯನ್ನು ಅಂಕದ ತಕ್ಕಡಿಯಲ್ಲಿ ತೂಗುವ ಈ ಪದ್ಧತಿ ಹೊಸದಲ್ಲ. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡು, ಕನ್ನಡವನ್ನು ಓದದೆಯೇ ಹೆಚ್ಚು ಅಂಕ ಗಳಿಸಿ ಹೊರಬರುವ ಅವಕಾಶವಿದೆ ಎಂಬ ಆಕ್ಷೇಪವೇ 1980ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯ ರಚನೆಗೆ ಹಿನ್ನೆಲೆಯಾಯಿತು. 1981ರ ಆರಂಭದಲ್ಲಿ ವರದಿ ಸಲ್ಲಿಕೆಯಾಯಿತು. 1982ರಲ್ಲಿ ಅದರ ಅನುಷ್ಠಾನಕ್ಕಾಗಿ ನಾಡಿನಾದ್ಯಂತ ಚಳವಳಿ ನಡೆಯಿತು. ಆ ಚರ್ಚೆ ಮುಖ್ಯವಾಗಿ ಕನ್ನಡದ ಸ್ಥಾನವನ್ನು ಕುರಿತದ್ದಾಗಿತ್ತು. ಅಂಕಕ್ಕಾಗಿ ಆರಿಸಿಕೊಂಡ ಭಾಷೆಯಾದರೂ ವಿದ್ಯಾರ್ಥಿಗೆ ದಕ್ಕುತ್ತದೆಯೇ ಎಂಬ ಇನ್ನೊಂದು ಪ್ರಶ್ನೆಯೂ ಇತ್ತು. ಅದರತ್ತ ಹೆಚ್ಚು ಗಮನ ಹರಿಯಲಿಲ್ಲ. ಆಗ ಸಂಸ್ಕೃತವಿದ್ದ ಜಾಗದಲ್ಲಿ ಈಗ ನಗರದ ಎಷ್ಟೋ ಕಾಲೇಜುಗಳಲ್ಲಿ ಫ್ರೆಂಚ್ ಬಂದು ಕುಳಿತಿದೆ. ವೃತ್ತಿಶಿಕ್ಷಣದ ಸಿ.ಇ.ಟಿ. ಶ್ರೇಯಾಂಕಕ್ಕೆ ಭಾಷೆಯ ಅಂಕಗಳು ಸೇರುವುದಿಲ್ಲ. ಆದರೂ ಒಟ್ಟು ಅಂಕದ ಮೋಹ ಮಾತ್ರ ಕಡಿಮೆಯಾಗಿಲ್ಲ.

ಎರಡು ವರ್ಷಗಳಲ್ಲಿ ಆಕೆ ಅಕ್ಷರಮಾಲೆಯಿಂದ ತೊಡಗಿ ಸಂಖ್ಯೆಗಳು, ವಾರಗಳು, ಕ್ರಿಯಾಪದದ ರೂಪಗಳು, ಒಂದಿಷ್ಟು ಸಂಭಾಷಣೆ, ಒಂದಿಷ್ಟು ಭಾಷಾಂತರ ಕಲಿತಳು. ಪರೀಕ್ಷೆಯಲ್ಲಿ 97 ಬಂದಿತು. ಫಲಿತಾಂಶದ ವಾರ ಊರಿಗೆ ಬಂದಾಗ ಜಗಲಿಯ ಮೇಲೆ ತೆಂಗಿನಕಾಯಿ ಎಣಿಸುತ್ತಿದ್ದ ಅಜ್ಜಿಗೆ ಆಕೆ ಒಂದು ವಿಚಿತ್ರವನ್ನು ತಿಳಿಸಿದಳು: ಫ್ರೆಂಚರಲ್ಲಿ ತೊಂಬತ್ತೇಳಕ್ಕೆ ಬೇರೆ ಪದವೇ ಇಲ್ಲ, 'ನಾಲ್ಕು ಇಪ್ಪತ್ತು, ಹದಿನೇಳು' ಎಂದು ಹೇಳಬೇಕು. ಅಜ್ಜಿ ತಲೆಯೆತ್ತದೆ, "ಅದ್ರಲ್ಲೇನವ್ವ ಐತೆ? ನಾಕಿಪ್ಪತ್ತು, ಮ್ಯಾಲೆ ಹದ್ನೇಳು. ನಾನೂ ಹಂಗೇ ಅಲ್ವ ಎಣ್ಸೋದು?" ಎಂದಳು. ಶಾಲೆ ಕಾಣದ ಆ ಹಿರಿಯಳ ಎಣಿಕೆಯಲ್ಲಿ ಇಪ್ಪತ್ತೇ ಮಾನ. ಎರಡು ವರ್ಷ ಬಾಯಿಪಾಠ ಮಾಡಿದ ಒಂದು ನಿಯಮ ತನ್ನ ಮನೆಯ ಜಗಲಿಯ ಮೇಲೆಯೇ ಇತ್ತೆಂಬುದು ಆಕೆಗೆ ಆಗ ನಗೆಯ ಸಂಗತಿಯಾಗಿ ಮಾತ್ರ ಕಂಡಿತು.

ಪದವಿಯಲ್ಲಿ ಇತಿಹಾಸವನ್ನು ಆರಿಸಿಕೊಂಡು, ಸ್ನಾತಕೋತ್ತರ ಹಂತಕ್ಕೆ ಬಂದಾಗ ಆಕೆ ತನ್ನ ತಾಲ್ಲೂಕಿನ ಜೈನ ನೆಲೆಗಳನ್ನು ಕುರಿತು ಕಿರುಪ್ರಬಂಧ ಬರೆಯಲು ಮುಂದಾದಳು. ಮದ್ದೂರು ತಾಲ್ಲೂಕಿನ ಅರೆತಿಪ್ಪೂರು ಗಂಗರ ಕಾಲದಷ್ಟು ಹಳೆಯ ಜೈನ ಕ್ಷೇತ್ರ. ಅಲ್ಲಿನ ಬೆಟ್ಟಗಳಲ್ಲಿ ಬಾಹುಬಲಿಯ ವಿಗ್ರಹವೂ ಬಸದಿಗಳ ಅವಶೇಷಗಳೂ ಇವೆ. ಈ ಪ್ರದೇಶದ ಶಾಸನಗಳಿಗೆ ಮೊದಲ ಆಕರ ಬಿ.ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕಾದ 1894ರ ಮೂರನೆಯ ಸಂಪುಟ. ಮಂಡ್ಯ ಜಿಲ್ಲೆ ರೂಪುಗೊಂಡದ್ದು 1939ರಲ್ಲಿ. ಹೀಗಾಗಿ ಅಂದಿನ ಮೈಸೂರು ಜಿಲ್ಲೆಯ ಸಂಪುಟದಲ್ಲಿ ಮಂಡ್ಯ, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಸೇರಿವೆ. ಗ್ರಂಥಾಲಯದಲ್ಲಿ ಆ ಸಂಪುಟವನ್ನು ತೆರೆದ ದಿನ ಆಕೆಗೆ ಮೊದಲ ಆಘಾತ ಕಾದಿತ್ತು. ಅಕ್ಷರ ಕನ್ನಡ, ಪದಗಳು ಕನ್ನಡ, ಆದರೆ ವಾಕ್ಯ ಕೈಗೆ ಹತ್ತುತ್ತಿರಲಿಲ್ಲ. ಹಳಗನ್ನಡದ ಪರಿಚಯವಾಗಬೇಕಿದ್ದ ವಯಸ್ಸಿನಲ್ಲಿ, ಹದಿನಾರರ ಹೊಸ್ತಿಲಲ್ಲಿ, ಆಕೆಯ ಕನ್ನಡದ ಓದು ನಿಂತುಹೋಗಿತ್ತು. 122 ಅಂಕಗಳ ಕನ್ನಡ ಹತ್ತನೆಯ ತರಗತಿಯ ಬಾಗಿಲಲ್ಲಿಯೇ ಉಳಿದಿತ್ತು.

ಎರಡನೆಯ ಆಘಾತ ಅದೇ ವಾರ ಬಂದಿತು. ಜೈನ ಶಾಸನಗಳ ಸಮಗ್ರ ಸೂಚಿಯೆಂದರೆ ಫ್ರೆಂಚ್ ವಿದ್ವಾಂಸ ಆಲ್ಬೇರ್ ಗೆರಿನೊ 1908ರಲ್ಲಿ ಪ್ರಕಟಿಸಿದ ಗ್ರಂಥವನ್ನು ನೋಡಬೇಕೆಂದು ಗ್ರಂಥಪಾಲಕರು ತಿಳಿಸಿದರು. ಎರಡು ವರ್ಷ ಮೊದಲು, 1906ರಲ್ಲಿ, ಜೈನ ಅಧ್ಯಯನಗಳ ಗ್ರಂಥಸೂಚಿಯೊಂದನ್ನು ಸಿದ್ಧಪಡಿಸಿದ್ದ ಈತ ಶಾಸನಸೂಚಿಯಲ್ಲಿ 850 ಜೈನ ಶಾಸನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಅವುಗಳ ಆಧಾರದಿಂದ ಜೈನಧರ್ಮದ ಇತಿಹಾಸದ ಒಂದು ರೂಪರೇಖೆಯನ್ನು ಮೊದಲಿಗೆ ಕೊಟ್ಟಿದ್ದಾನೆ. ಹಿಂದಿಯ 'ಜೈನ ಶಿಲಾಲೇಖ ಸಂಗ್ರಹ'ದ ಎರಡು, ಮೂರನೆಯ ಭಾಗಗಳಿಗೆ ಈ ಸೂಚಿಯೇ ತಳಹದಿ. "ನಂಗೆ ಫ್ರೆಂಚ್ ಬರುತ್ತೆ ಸರ್, ತೊಂಬತ್ತೇಳು ಬಂದಿತ್ತು" ಎಂದು ಆಕೆ ಉತ್ಸಾಹದಿಂದ ಪುಸ್ತಕವನ್ನು ಕೈಗೆತ್ತಿಕೊಂಡಳು. ಶೀರ್ಷಿಕೆ ತಿಳಿಯಿತು, ಮೊದಲ ಪುಟದ ಮೊದಲ ವಾಕ್ಯ ತಿಳಿಯಲಿಲ್ಲ. ಅರ್ಧ ಗಂಟೆಯ ಬಳಿಕ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಅಂಕಪಟ್ಟಿಯಲ್ಲಿ ಎರಡು ಭಾಷೆಗಳು ಉಜ್ವಲವಾಗಿದ್ದವು. ಮೇಜಿನ ಮೇಲೆ ಎರಡೂ ಮೂಕವಾಗಿದ್ದವು.

ಕನ್ನಡದ ಸಂಶೋಧಕನಿಗೆ ಫ್ರೆಂಚ್ ಏಕೆ ಬೇಕು ಎಂಬ ಪ್ರಶ್ನೆ ಇಲ್ಲಿ ಸಹಜ. ಗೆರಿನೊನ ಸೂಚಿ ಒಂದು ಉತ್ತರವಾದರೆ, ನಿಡಘಟ್ಟದ ಮುಂದೆ ಹಾಯುವ ರಸ್ತೆಯೇ ಇನ್ನೊಂದು ಉತ್ತರದತ್ತ ಒಯ್ಯುತ್ತದೆ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯಲ್ಲಿ ನೆಲೆಸಿದ ಪಾದ್ರಿ ಅಬ್ಬೆ ದುಬಾಯ್, ಫ್ರೆಂಚ್ ಉಚ್ಚಾರಣೆಯಂತೆ ದ್ಯುಬ್ವಾ, ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ತನ್ನ ಗ್ರಂಥದಲ್ಲಿ ಜೈನರ ಬಗೆಗೂ ಬರೆದಿದ್ದಾನೆ. ಇಂಗ್ಲಿಷ್ ಅನುವಾದ 1816ರಲ್ಲಿ, ಫ್ರೆಂಚ್ ಆವೃತ್ತಿ 1825ರಲ್ಲಿ ಹೊರಬಂದವು. ಮೈಸೂರು ಸೀಮೆಯ ಜನಜೀವನಕ್ಕೆ ಪ್ರತ್ಯಕ್ಷದರ್ಶಿಯ ಸಾಕ್ಷ್ಯವೆಂದು ಆ ಗ್ರಂಥವನ್ನು ಉದ್ಧರಿಸುವುದು ರೂಢಿಯಾಗಿದೆ. ಆದರೆ ಅದರ ಬಹುಭಾಗ ಹದಿನೆಂಟನೆಯ ಶತಮಾನದ ಜೆಸ್ಯೂಟ್ ಪಾದ್ರಿ ಕರ್ದುವಿನ ಬರಹವನ್ನು ಆಧರಿಸಿದ್ದೆಂದು ಸಿಲ್ವಿಯಾ ಮ್ಯುರ್ 1987ರಲ್ಲಿ ಎರಡು ಸಂಪುಟಗಳಲ್ಲಿ ತೋರಿಸಿಕೊಟ್ಟರು. ಕರ್ದು ತೀರಿಕೊಂಡದ್ದು 1779ರಲ್ಲಿ; ದುಬಾಯ್ ಭಾರತಕ್ಕೆ ಬಂದದ್ದು 1792ರಲ್ಲಿ. ಹಾಗಾದರೆ ಆ ಗ್ರಂಥದ ಒಂದು ವಾಕ್ಯ ಯಾವ ಕಾಲದ, ಯಾವ ಪ್ರದೇಶದ ಸಾಕ್ಷ್ಯವೆಂಬುದನ್ನು ಪ್ರತಿಬಾರಿಯೂ ವಿಚಾರಿಸಿ ನೋಡಬೇಕಾಗುತ್ತದೆ. ಮ್ಯುರ್ ಅವರ ಆ ಅಧ್ಯಯನವಿರುವುದು ಫ್ರೆಂಚಿನಲ್ಲಿ.

ಮೂರನೆಯ ಉದಾಹರಣೆ ಕನ್ನಡಿಗರದೇ. ಕರ್ನಾಟಕದಲ್ಲಿ ಹುಟ್ಟಿ ಬೆಳೆದ ವಸುಂಧರಾ ಫಿಲಿಯೋಜಾ ಅವರು ವಿಜಯನಗರದ ಆರಂಭದಿಂದ 1377ರವರೆಗಿನ ಶಾಸನಗಳನ್ನು ಕುರಿತು ಬರೆದ ಗ್ರಂಥ 1973ರಲ್ಲಿ ಪ್ಯಾರಿಸ್ಸಿನಲ್ಲಿ, ಫ್ರೆಂಚಿನಲ್ಲಿ ಪ್ರಕಟವಾಯಿತು. ಜೈನರಿಗೂ ಶ್ರೀವೈಷ್ಣವರಿಗೂ ನಡುವಣ ವ್ಯಾಜ್ಯವನ್ನು ಬುಕ್ಕರಾಯ ಪರಿಹರಿಸಿದ 1368ರ ಶ್ರವಣಬೆಳಗೊಳದ ಶಾಸನವೂ ಇದೇ ಅವಧಿಗೆ ಸೇರಿದುದು. ಕನ್ನಡದ ನೆಲದ ಚರಿತ್ರೆಯ ಒಂದು ಪಾಲು ಹೀಗೆ ಫ್ರೆಂಚಿನಲ್ಲಿ ಶೇಖರಗೊಂಡಿದೆ.

ವಿದ್ಯಾರ್ಥಿನಿ ಮತ್ತೆ ಫ್ರೆಂಚ್ ತರಗತಿಗೆ ಸೇರಿದಳು. ಯುರೋಪಿನ ಭಾಷಾ ಚೌಕಟ್ಟಿನಲ್ಲಿ ಎ1ರಿಂದ ಸಿ2ರವರೆಗೆ ಆರು ಮಟ್ಟಗಳಿವೆ. ಸೊನ್ನೆಯಿಂದ ತೊಡಗಿ ಎರಡು ವರ್ಷಗಳಲ್ಲಿ, ವಾರಕ್ಕೆ ಕೆಲವೇ ಗಂಟೆಗಳಲ್ಲಿ ಮುಗಿಯುವ ಪದವಿಪೂರ್ವ ಪಾಠ ಮೊದಲ ಎರಡು ಮಟ್ಟಗಳ ಆಸುಪಾಸಿನಲ್ಲಿ ನಿಲ್ಲುವುದು ಸಹಜ. ವಿದ್ವತ್ ಗದ್ಯವನ್ನು ಓದಲು ಬಿ2 ಮಟ್ಟವಾದರೂ ಬೇಕು. ಗೆರಿನೊನ ಮೊದಲ ವಾಕ್ಯ ಆಕೆಗೆ ತಿಳಿಯದಿದ್ದುದಕ್ಕೆ ವ್ಯಾಕರಣದ ಒಂದು ಸರಳ ಕಾರಣವೂ ಇತ್ತು. ಫ್ರೆಂಚಿನಲ್ಲಿ ಭೂತಕಾಲಕ್ಕೆ ಎರಡು ಬಗೆಯ ರೂಪಗಳಿವೆ: ಮಾತಿನಲ್ಲಿ ಬಳಸುವ 'ಪಾಸೆ ಕಂಪೊಸೆ', ಗ್ರಂಥಸ್ಥ ಗದ್ಯದಲ್ಲಿ ಮಾತ್ರ ಉಳಿದಿರುವ 'ಪಾಸೆ ಸಾಂಪ್ಲ್'. ಆಕೆಗೆ ಕಲಿಸಿದ್ದು ಮೊದಲನೆಯದನ್ನು; ಚರಿತ್ರೆಯ ಗದ್ಯ ನಡೆಯುವುದು ಎರಡನೆಯದರಲ್ಲಿ. 'ಇದ್ದನು' ಎಂಬರ್ಥದ 'ಫ್ಯು' ಎಂಬ ಪುಟ್ಟ ರೂಪವನ್ನು ಆಕೆ ನಿಘಂಟಿನಲ್ಲಿ ಹುಡುಕಿ ಸೋತಿದ್ದಳು.

ವಿಶೇಷವೆಂದರೆ, ಈ ತೊಡಕು ಬಿಡಿಸಿಕೊಂಡದ್ದು ಕನ್ನಡದ ಮೂಲಕ. ಅದೇ ತಿಂಗಳುಗಳಲ್ಲಿ ಆಕೆ ನಿವೃತ್ತ ಅಧ್ಯಾಪಕರೊಬ್ಬರ ಬಳಿ ಹಳಗನ್ನಡವನ್ನೂ ಓದತೊಡಗಿದ್ದಳು. 'ಪೋದಂ' ಎಂಬುದು 'ಹೋದನು' ಎಂಬುದರ ಹಿರಿಯ ರೂಪವೆಂದು ಕಂಡುಕೊಂಡ ಮನಸ್ಸಿಗೆ, ಗ್ರಂಥದ ಭೂತಕಾಲ ಬೇರೆ, ಬಾಯಿಯ ಭೂತಕಾಲ ಬೇರೆ ಎಂಬುದು ಒಗಟೆನಿಸಲಿಲ್ಲ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬ ಫ್ರೆಂಚಿನ ವ್ಯವಸ್ಥೆ ಅರ್ಥವನ್ನು ಅನುಸರಿಸಿ ಲಿಂಗವನ್ನು ನಿರ್ಣಯಿಸುವ ಕನ್ನಡಕ್ಕೆ ಪರಕೀಯವೇ ಸರಿ. ಆದರೆ ಹೆಂಡತಿಯೆಂಬ ಒಂದೇ ಅರ್ಥದಲ್ಲಿ ದಾರ ಪುಲ್ಲಿಂಗವೂ ಭಾರ್ಯಾ ಸ್ತ್ರೀಲಿಂಗವೂ ಕಲತ್ರ ನಪುಂಸಕವೂ ಆಗುವ ಸಂಸ್ಕೃತದ ನಿದರ್ಶನವನ್ನು ಅಧ್ಯಾಪಕರು ಎತ್ತಿ ತೋರಿಸಿದಾಗ ಅದೂ ಹತ್ತಿರದ್ದಾಯಿತು. 'ತ್ಯು', 'ವೂ' ಎಂಬ ಏಕವಚನ, ಗೌರವ ಬಹುವಚನಗಳ ಭೇದವನ್ನು ಕಾಲೇಜಿನಲ್ಲಿ ಇಂಗ್ಲಿಷಿನ ಮೂಲಕ ವಿವರಿಸಿದ್ದರು. ಒಂದೇ ಸರ್ವನಾಮವುಳ್ಳ ಇಂಗ್ಲಿಷಿನಲ್ಲಿ ಅದಕ್ಕೆ ಒಂದು ಪುಟದ ವಿವರಣೆ ಬೇಕಾಗಿತ್ತು. ಅಜ್ಜಿಯನ್ನು ಸಲಿಗೆಯಿಂದ 'ನೀನು' ಎಂದೂ ಊರಿನ ಹಿರಿಯರನ್ನು 'ನೀವು' ಎಂದೂ ಕರೆಯುವ ಹುಡುಗಿಗೆ ಒಂದು ವಾಕ್ಯ ಸಾಕಾಗುತ್ತಿತ್ತು. ದೇವರನ್ನು ಏಕವಚನದಲ್ಲಿ ಕರೆಯುವುದು ಎರಡೂ ಭಾಷೆಗಳಲ್ಲಿ ಉಂಟು. ಫ್ರೆಂಚಿಗೆ ಸೇತುವೆಯಾಗಬಹುದಾಗಿದ್ದ ಕನ್ನಡವನ್ನು ಫ್ರೆಂಚಿಗಾಗಿಯೇ ಬಿಡಿಸಿದ್ದರೆಂಬುದು ಆಕೆಗೆ ಹೀಗೆ ತಡವಾಗಿ ಅರಿವಾಯಿತು.

ಮೂರು ವರ್ಷಗಳ ಬಳಿಕ ಆಕೆ ರೈಸರ ಸಂಪುಟವನ್ನೂ ಗೆರಿನೊನ ಸೂಚಿಯನ್ನೂ ಒಂದೇ ಮೇಜಿನ ಮೇಲೆ ತೆರೆದಿಟ್ಟು ಓದಬಲ್ಲವಳಾದಳು. ಆಗ ಸೂಚಿಯ ಮಿತಿಗಳೂ ಗೋಚರಿಸಿದವು. 1908ರ ಗೆರಿನೊನಿಗೆ ಶ್ರವಣಬೆಳಗೊಳಕ್ಕೆ ಆಧಾರವಾಗಿದ್ದುದು ರೈಸರ 1889ರ ಸಂಪುಟ. ಅದರಲ್ಲಿದ್ದುದು 144 ಶಾಸನಗಳು. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ಆ ಸಂಖ್ಯೆ 500ಕ್ಕೆ ಏರಿತು; 1973ರ ಪರಿಷ್ಕರಣದಲ್ಲಿ 573 ಆಯಿತು. ಹೀಗಾಗಿ ಗೆರಿನೊನ ರೂಪರೇಖೆಯನ್ನು ಇಂದು ಹಾಗೆಯೇ ಒಪ್ಪುವಂತಿಲ್ಲ. ಇದಲ್ಲದೆ, ಸಾರಾಂಶದಲ್ಲಿ ದಾನಿಯ ಹೆಸರು, ಗುರುಪರಂಪರೆ, ತೇದಿಗಳು ಉಳಿಯುತ್ತವೆ. ಶಾಸನಕವಿಯ ಪದ್ಯ ಉಳಿಯುವುದಿಲ್ಲ. ಸೂಚಿಯನ್ನು ತಿದ್ದಲು ಫ್ರೆಂಚ್ ಬೇಕು, ಏನನ್ನು ತಿದ್ದಬೇಕೆಂದು ತಿಳಿಯಲು ಕನ್ನಡ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವರಿಗೆ ಈ ಕೆಲಸ ಸಾಗದು.

ಪಿ. ಲಂಕೇಶರು 1974ರಲ್ಲಿ ಬೋದಿಲೇರನನ್ನು 'ಪಾಪದ ಹೂಗಳು' ಎಂದು ಕನ್ನಡಕ್ಕೆ ತಂದದ್ದು ಇಂಗ್ಲಿಷ್ ಅನುವಾದಗಳ ಮೂಲಕ. ಕವಿಯ ಪ್ರತಿಭೆಯಿಂದ ಆ ದೂರ ಅಲ್ಲಿ ಕುಗ್ಗಿತು. ಶಾಸ್ತ್ರಗ್ರಂಥಗಳ ವಿಷಯದಲ್ಲಿ ಅಂಥ ಅನುಕೂಲವಿಲ್ಲ. ಮೂಲವನ್ನು ಓದಿಯೇ ತೀರಬೇಕು. ವರ್ಷಕ್ಕೆ ನೂರಾರು ವಿದ್ಯಾರ್ಥಿಗಳು ಪದವಿಪೂರ್ವದಲ್ಲಿ ಫ್ರೆಂಚ್ ಓದಿ ಹೊರಬರುವ ನಾಡಿನಲ್ಲಿ ಫ್ರೆಂಚಿನಿಂದ ನೇರವಾಗಿ ಕನ್ನಡಕ್ಕೆ ತರಬಲ್ಲವರು ವಿರಳವಾಗಿರುವುದಕ್ಕೆ ವಿದ್ಯಾರ್ಥಿಗಳ ಸೋಮಾರಿತನ ಕಾರಣವಲ್ಲ. ಭಾಷೆಯನ್ನು ಎರಡು ವರ್ಷಕ್ಕೆ ಕೊನೆಗೊಳಿಸುವುದು, ಕಲಿಕೆಯ ಮಧ್ಯವರ್ತಿಯಾಗಿ ಇಂಗ್ಲಿಷನ್ನು ಮಾತ್ರ ಇರಿಸಿಕೊಳ್ಳುವುದು, ಕನ್ನಡಕ್ಕೆ ಪರ್ಯಾಯವಾಗಿ ಫ್ರೆಂಚನ್ನು ನಿಲ್ಲಿಸುವುದು - ಈ ಮೂರು ಸೇರಿದಾಗ ಆಗುವ ಪರಿಣಾಮವಿದು.

ಕಳೆದ ವರ್ಷ ಆಕೆಯ ತಮ್ಮ ಪದವಿಪೂರ್ವ ಕಾಲೇಜಿಗೆ ಸೇರುವ ಸಮಯ ಬಂದಿತು. ಅದೇ ಅಂಕಣ, ಅದೇ ಪ್ರಶ್ನೆ. ಈ ಬಾರಿ ತಂದೆ ಮಗಳತ್ತ ನೋಡಿ, "ನೀನೇ ಹೇಳವ್ವ, ನಿಂಗ್ ಗೊತ್ತು" ಎಂದ. ತಮ್ಮನಿಗೆ ಫ್ರೆಂಚ್ ಬೇಕಾಗಿತ್ತು. ಗೆಳೆಯರೆಲ್ಲ ಅದನ್ನೇ ಬರೆದಿದ್ದರು. ಆಕೆ ಬೇಡವೆನ್ನಲಿಲ್ಲ. "ತಗೋ. ಆದರೆ ಎರಡು ವರ್ಷಕ್ಕೆ ಬಿಡೋ ಹಂಗಿಲ್ಲ. ಭಾನುವಾರ ಊರಿಗೆ ಬಂದಾಗ ನನ್ನ ಜೊತೆ ಕೂತು ಒಂದು ಪುಟ ಹಳಗನ್ನಡ ಓದಬೇಕು" ಎಂದು ಕರಾರು ಹಾಕಿದಳು. ತಮ್ಮ ಒಪ್ಪಿಕೊಂಡ. ಎಲ್ಲ ಭಾನುವಾರಗಳಲ್ಲಿಯೂ ಕರಾರು ನಡೆಯುತ್ತಿಲ್ಲ. ನಡೆದ ಭಾನುವಾರಗಳಲ್ಲಿ ಜಗಲಿಯ ಮೇಲೆ ಎರಡು ಪುಸ್ತಕಗಳು ತೆರೆದಿರುತ್ತವೆ. ಪಕ್ಕದಲ್ಲಿ ಅಜ್ಜಿ ಎಂದಿನಂತೆ ಇಪ್ಪತ್ತು ಇಪ್ಪತ್ತಾಗಿ ತೆಂಗಿನಕಾಯಿ ಎಣಿಸುತ್ತಿರುತ್ತಾಳೆ.