ನೆಲ ಮುಟ್ಟದ ಗೋಡೆ

ನೆಲಕ್ಕೆ ತಾಗದ ಗೋಡೆಯನ್ನು ನಾನು ಮೊದಲು ಕಂಡದ್ದು ಅರವತ್ತೇಳನೇ ವಯಸ್ಸಿನಲ್ಲಿ. ಕಟ್ಟಿದ್ದೂ ಅದೇ ವಾರ. ಕಟ್ಟಿದ್ದೆಂದರೆ, ಮಗ ಕಟ್ಟಿದ, ನಾನು ಮೊಳೆ ಎಣಿಸಿ ಕೊಟ್ಟೆ. ಆದರೂ ಹೊನ್ನಾಳಿಗೆ ವಾಪಸಾದ ಮೇಲೆ ಕೇಳಿದವರಿಗೆಲ್ಲ "ಅಪ್ಪ-ಮಗ ಸೇರಿ ಕಟ್ಟಿದ್ವಿ" ಅಂತಲೇ ಹೇಳಿಕೊಂಡು ತಿರುಗಿದ್ದೇನೆ. ಮೂವತ್ತು ವರ್ಷ ಗಣಿತದ ಮೇಷ್ಟ್ರಾಗಿದ್ದವನಿಗೆ ಅಷ್ಟು ದುಂಡು ಲೆಕ್ಕ ಹಾಕುವ ಹಕ್ಕಿದೆ.

ಮಗನ ಮನೆ ಇರುವುದು ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ಡೆನ್ವರ್ ನಗರದ ಹೊರಮಗ್ಗುಲಿಗೆ. ಕೊಂಡಾಗ ಕೆಳಗಿನ ಬೇಸ್‌ಮೆಂಟು ಬೋಳಾಗಿತ್ತು. ಸುತ್ತ ಕಾಂಕ್ರೀಟ್ ಗೋಡೆ, ಕೆಳಗೆ ಕಾಂಕ್ರೀಟ್ ನೆಲ, ಮೇಲೆ ಮರದ ತೊಲೆ, ಅಷ್ಟೆ. ಒಂದು ಭಾನುವಾರ ಫೋನ್ ಮಾಡಿ, "ಅಪ್ಪಾಜಿ, ಕೆಳಗಡೆ ಎರಡು ರೂಮು ಎಬ್ಬಿಸಾಣ ಅಂತಿದೀನಿ. ಒಂದು ನಿಮಗೇ. ಬರುವಾಗ ಅಜ್ಜನ ತೂಕದ ಗುಂಡು ತಗಂಡು ಬರ್ರಿ" ಅಂದ. ಸ್ಪೀಕರಿನಲ್ಲಿ ಕೇಳಿಸಿಕೊಂಡ ನನ್ನ ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡೇ ಈಚೆ ಬಂದಳು. "ನೆಲದೊಳಗೆ ಮಲಗಿಸ್ತಾನಂತಾ? ನಮ್ಮನ್ನೇನು ರಾಗಿ ಅಂದ್ಕಂಡಿದಾನಾ?"

ಆ ಮಾತಿಗೆ ನಗಬೇಕಾದರೆ ಹಗೇವು ಗೊತ್ತಿರಬೇಕು. ಜಗಳೂರು ತಾಲ್ಲೂಕಿನ ನಮ್ಮೂರಲ್ಲಿ ನೆಲದೊಳಗೆ ರೂಮು ಅಂತ ಇದ್ದದ್ದು ಕಾಳಿಗೆ ಮಾತ್ರ. ನಮ್ಮ ಮನೆಯ ಹಿಂದಿನ ಹಿತ್ತಿಲು ಗಟ್ಟಿ ಮೊರಂ ನೆಲ, ಸ್ವಲ್ಪ ಎತ್ತರ, ನೀರು ನಿಲ್ಲುತ್ತಿರಲಿಲ್ಲ. ಅಲ್ಲಿತ್ತು ನಮ್ಮ ಹಗೇವು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಮಣ್ಣಿನ ದೊಡ್ಡ ಕೊಡವೊಂದನ್ನು ಕತ್ತಿನವರೆಗೆ ಹೂತಂತೆ. ಸುಗ್ಗಿ ಮುಗಿದ ಮೇಲೆ ಸುತ್ತ ಒಣಹುಲ್ಲು ಒತ್ತಿ, ರಾಗಿ ಸುರಿದು, ಮೇಲೂ ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ಮುಗಿಯಿತು. ಬೇಕಾದರೆ ನಾಲ್ಕು ವರ್ಷ ಮಳೆ ಕೈಕೊಡಲಿ. ಜಗಳೂರಿನಲ್ಲಿ ಮಳೆ ಕೈಕೊಡುವುದು ಸುದ್ದಿಯೇನಲ್ಲ.

ತೆಗೆಯುವ ದಿನವೇ ಹಬ್ಬ, ಅದೇ ದಿನ ಭಯ. ಚಪ್ಪಡಿ ಸರಿಸಿ ಅರ್ಧ ದಿನ ಸುಮ್ಮನೆ ಬಿಡಬೇಕು. ಆಮೇಲೆ ಅಪ್ಪ ಕಂದೀಲು ಹಚ್ಚಿ ಹಗ್ಗದಲ್ಲಿ ಇಳಿಬಿಡುತ್ತಿದ್ದ. ದೀಪ ಉರಿಯುತ್ತಿದ್ದರೆ ಆಳು ಇಳಿಯಬಹುದು. ಬತ್ತಿ ಸಣ್ಣಗಾಗಿ ನೀಲಿಗೆ ತಿರುಗಿದರೆ ಮೇಲಕ್ಕೆಳೆದು ಇನ್ನೂ ಕಾಯಬೇಕು. "ದೀಪ ಆರಿದ್ರೆ ನೀನೂ ಆರಿದಂಗೆ" ಅಂತ ನನ್ನ ಕಿವಿ ಹಿಡಿದು ಹೇಳಿದ್ದ. ಮುಂದೆ ಕಾಲೇಜಿನಲ್ಲಿ ಅದರ ವಿಜ್ಞಾನ ತಿಳಿಯಿತು. ಕಾಳೂ ಉಸಿರಾಡುತ್ತದೆ, ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಗಾಳಿಗಿಂತ ಭಾರವಾದ್ದರಿಂದ ತಳ ಬಿಟ್ಟು ಏಳುವುದಿಲ್ಲ. ಹುಳ ಹಿಡಿಯದಂತೆ ರಾಗಿಯನ್ನು ಕಾಯುವುದೂ ಅದೇ ಗಾಳಿ, ಅವಸರಪಟ್ಟು ಇಳಿದವನನ್ನು ಕೊಲ್ಲುವುದೂ ಅದೇ.

ಹೀಗಾಗಿ ಡೆನ್ವರಿನಲ್ಲಿ ಮೊದಲ ದಿನ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಂತಾಗ ನನಗೆ ಕಂದೀಲಿನ ನೆನಪಾಯಿತು. ಮಗ ನಕ್ಕು, ಮೂಲೆಯಲ್ಲಿ ನೆಲದಿಂದ ಸೂರಿನವರೆಗೆ ಹೋಗಿದ್ದ ಬಿಳಿ ಪೈಪು ತೋರಿಸಿದ. ಆ ಸೀಮೆಯ ಮಣ್ಣು-ಬಂಡೆಯಲ್ಲಿ ಯುರೇನಿಯಂ ಅಂಶವಿದೆ. ಅದರಿಂದ ರೇಡಾನ್ ಎಂಬ ಅನಿಲ ಹುಟ್ಟಿ ಕಾಂಕ್ರೀಟಿನ ಬಿರುಕುಗಳಲ್ಲಿ ಮೇಲೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್. ಲೀಟರ್ ಗಾಳಿಗೆ 4 ಪಿಕೊಕ್ಯೂರಿ ಮುಟ್ಟಿದರೆ ಸರಿಪಡಿಸಿಕೊಳ್ಳಿ ಎಂದು ಅಲ್ಲಿನ ಸರ್ಕಾರ ಹೇಳುತ್ತದೆ. ಪೈಪಿನ ತುದಿಯ ಫ್ಯಾನು ನೆಲದಡಿಯ ಗಾಳಿಯನ್ನು ಎಳೆದು ಮಾಡಿನಾಚೆ ಉಗುಳುತ್ತಿತ್ತು. ಹೆಂಡತಿ ಆ ಫ್ಯಾನಿನ ಸದ್ದು ಕೇಳಿಸಿಕೊಂಡು, "ಸರಿ ಬಿಡಿ, ದೀಪ ಬಿಟ್ಟು ನೋಡಿದಾರೆ" ಅಂತ ಸಮಾಧಾನಪಟ್ಟಳು.

ಇಷ್ಟು ಕಷ್ಟಪಟ್ಟು ಯಾಕೆ ತೋಡುತ್ತಾರೆ? ಚಳಿಗೆ. ಅಲ್ಲಿ ಮಾಗಿಯಲ್ಲಿ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ ಪಾಯವನ್ನೇ ಎತ್ತುತ್ತದಂತೆ. ಪಾಯ ಆ ಹೆಪ್ಪಿನ ಮಟ್ಟಕ್ಕಿಂತ ಕೆಳಗೆ ಕೂರಬೇಕು. ಡೆನ್ವರ್ ಕಡೆ ಅದು ಸುಮಾರು 3 ಅಡಿ. ಹೇಗೂ ಅಷ್ಟು ಅಗೆದಾಯಿತಲ್ಲ, ಇನ್ನೊಂದಿಷ್ಟು ಅಗೆದರೆ ಒಂದು ಅಂತಸ್ತೇ ಸಿಗುತ್ತದೆ ಅನ್ನುವುದು ಅವರ ಲೆಕ್ಕ. ನಮಗೆ ಆ ಲೆಕ್ಕ ಹೊಂದುವುದಿಲ್ಲ. ಹೊನ್ನಾಳಿಯ ಹೊಳೆದಂಡೆಯಲ್ಲಿ ನೆಲಮಾಳಿಗೆ ತೋಡಿದವನಿಗೆ ತುಂಗಭದ್ರೆ ತುಂಬಿ ಬಂದ ವರ್ಷ ಪುಕ್ಕಟೆ ಬಾವಿ. ಅಂದಹಾಗೆ, ಜಗಳೂರಿನವನಿಗೆ 'ನೆಲಮಾಳಿಗೆ' ಅನ್ನುವ ಪದವೇ ತಲೆಕೆಳಗು. ನಮ್ಮಲ್ಲಿ ಮಾಳಿಗೆ ಅಂದರೆ ಮನೆಯ ಮೇಲಿನ ಮಣ್ಣಿನ ಚಾವಣಿ: ತೊಲೆ, ಜಂತೆ, ಅದರ ಮೇಲೆ ಮೇಲ್ಮುದ್ದೆ. ಶೇಂಗಾ ಒಣಗಿಸುವುದು, ಬೇಸಿಗೆಯಲ್ಲಿ ಮಲಗುವುದು, ಜಗಳವಾಡಿದವನು ಹೋಗಿ ಕೂರುವುದು ಎಲ್ಲ ಅಲ್ಲೇ. ಅದು ನೆಲದಡಿಗೆ ಹೇಗೆ ಇಳಿಯಿತೋ.

ಕೆಲಸ ಶುರುವಾಯಿತು. ಮರದ ಅಂಗಡಿಯಿಂದ 'ಟೂ ಬೈ ಫೋರ್' ಅನ್ನುವ ಉದ್ದನೆಯ ಪಟ್ಟಿಗಳು ಬಂದವು. ನಾನು ಅಭ್ಯಾಸಬಲದಿಂದ ಅಳೆದೆ. ಎರಡು ಇಂಚು ಅಂದದ್ದು ಒಂದೂವರೆ, ನಾಲ್ಕು ಅಂದದ್ದು ಮೂರೂವರೆ! "ಮೋಸ ಹೋಗಿದೀಯ ಕಣೋ" ಅಂದೆ. ಮೋಸವಲ್ಲವಂತೆ. ಹಸಿಯಾಗಿ ಕೊಯ್ದಾಗ ಎರಡು-ನಾಲ್ಕು, ಒಣಗಿಸಿ ಕೀಸುಳಿ ಹೊಡೆದ ಮೇಲೆ ಉಳಿಯುವುದು ಇಷ್ಟು; ಹೆಸರು ಮಾತ್ರ ಹಸಿಯಾಗಿದ್ದಾಗಿನದೇ. ಮದುವೆಯ ಲಗ್ನಪತ್ರಿಕೆಯ ವಯಸ್ಸಿನ ಹಾಗೆ ಅಂದುಕೊಂಡು ಸುಮ್ಮನಾದೆ. ಆದರೆ ಇನ್ನೊಂದು ಲೆಕ್ಕ ನನ್ನನ್ನು ಗೆದ್ದಿತು. ನಿಲುವು ಪಟ್ಟಿಗಳನ್ನು ನಡುವಿನಿಂದ ನಡುವಿಗೆ 16 ಇಂಚಿಗೊಂದರಂತೆ ನಿಲ್ಲಿಸುತ್ತಾರೆ. ಮೇಲೆ ಹೊದಿಸುವ ಜಿಪ್ಸಂ ಹಲಗೆಯ ಅಗಲ 4 ಅಡಿ, ಅಂದರೆ 48 ಇಂಚು, ಅಂದರೆ ಮೂರು ಹದಿನಾರು. ಹಲಗೆಯ ಅಂಚು ಯಾವಾಗಲೂ ಪಟ್ಟಿಯ ಎದೆಯ ಮೇಲೇ ಬಂದು ಕೂರುತ್ತದೆ. ಭಾಗಾಕಾರಕ್ಕೆ ಶೇಷವಿಲ್ಲದ ಗೋಡೆ! ಎಂಟನೇ ತರಗತಿಗೆ ಇದನ್ನು ತೋರಿಸಲಿಲ್ಲವಲ್ಲ ಅಂತ ನಿವೃತ್ತಿಯಾದ ಮೇಲೆ ಮೊದಲ ಸಲ ಬೇಸರವಾಯಿತು.

ಚನ್ನಗಿರಿ ತಾಲ್ಲೂಕಿನ ಅಡಿಕೆ ಸೀಮೆಯಲ್ಲಿ ಬೆಳೆದ ನನ್ನ ಹೆಂಡತಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಸಾಲಾಗಿ ನಿಂತ ಪಟ್ಟಿಗಳ ನಡುವೆ ಅತ್ತಿಂದಿತ್ತ ದಾಟಿ, "ಇದು ನಮ್ಮ ತವರಿನ ಕೊಟ್ಟಿಗೆಯ ತಡಿಕೆ ಅಲ್ವಾ? ಅಡಿಕೆ ದಬ್ಬೆ ಬದಲು ಇದು. ಮೇಲೆ ಸಗಣಿ-ಮಣ್ಣು ಮೆತ್ತೋ ಬದಲು ಹಲಗೆ ಹೊಡಿತಾರೆ" ಅಂದಳು. ಅವಳ ಮಾತು ಸರಿಯೇ. ಮುದಿ ಅಡಿಕೆ ಮರವನ್ನು ಸೀಳಿ ಒಳಗಿನ ಮೆತ್ತನೆಯದನ್ನು ಕೆತ್ತಿ ತೆಗೆದರೆ ಉಳಿಯುವ ದಬ್ಬೆ ಬಲು ಗಟ್ಟಿ. ಬೇಲಿ, ಅಟ್ಟ, ಅಡಿಕೆ ಒಣಹಾಕುವ ಚಪ್ಪರ, ಬಚ್ಚಲ ಮರೆ, ಅವಳ ತವರಿನಲ್ಲಿ ಎಲ್ಲಕ್ಕೂ ಅದೇ. ಸಂತೇಬೆನ್ನೂರಿನ ಪುಷ್ಕರಣಿಯ ಮಂಟಪದಂಥ ಕಲ್ಲುಕೆಲಸದ ನೆರೆಯಲ್ಲೇ ಜನ ದಬ್ಬೆಯ ಗೋಡೆಯಲ್ಲಿ ಸಂಸಾರ ಮಾಡಿದರು. ಆ ದಬ್ಬೆಗಳ ನಡುವೆ 16 ಇಂಚು ಅಂತ ಯಾರೂ ಅಳೆದಿರಲಿಕ್ಕಿಲ್ಲ. ಕೋಳಿ ತೂರಬಾರದು, ಅದೊಂದೇ ಅಳತೆ.

ಮೂರನೇ ದಿನ ನನಗೆ ದಿಗಿಲಾಯಿತು. ಮಗ ಒಂದು ಪಟ್ಟಿಯನ್ನು ಮೇಲಿನ ತೊಲೆಗಳಿಗೆ ಬಿಗಿದ. ಅದರಿಂದ ಅಪ್ಪನ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿದ. (ಅಪ್ಪ ಗೌಂಡಿಯಲ್ಲ, ಒಕ್ಕಲುತನದವನು. ಮನೆ ಕಟ್ಟಿಸುವಾಗ ಗೌಂಡಿಯ ಕಣ್ಣಿನ ಮೇಲೆ ನಂಬಿಕೆ ಸಾಲದೆ ಸ್ವಂತಕ್ಕೆ ಕೊಂಡ ಗುಂಡು ಅದು.) ಗುರುತಿನ ಮೇಲೆ ಔಷಧಿ ಕುಡಿಸಿದ, ಹಸಿರು ಛಾಯೆಯ ಪಟ್ಟಿಯೊಂದನ್ನಿಟ್ಟು, ಮದ್ದಿನ ತೋಟಾ ಹಾಕಿ ಹೊಡೆಯುವ ಗನ್ನಿನಿಂದ ಕಾಂಕ್ರೀಟಿಗೆ ಮೊಳೆ ಇಳಿಸಿದ. ಆ ಸದ್ದಿಗೆ ಸೊಸೆ ಮೇಲಿನಿಂದ ಓಡಿ ಬಂದಳು. ಇಲ್ಲಿಯವರೆಗೆ ಸರಿ. ಆಮೇಲೆ ನಿಲುವು ಪಟ್ಟಿಗಳ ಗೋಡೆಯನ್ನು ತಂದು ಮೇಲಿನ ಪಟ್ಟಿಗೆ ನೇತುಹಾಕಿದ. ಕೆಳಗೆ ಒಂದೂವರೆ ಇಂಚು ಖಾಲಿ! ಗೋಡೆಯ ತಳಕ್ಕೂ ನೆಲದ ಪಟ್ಟಿಗೂ ನಡುವೆ ನನ್ನ ಬೆರಳು ಆಡುತ್ತಿತ್ತು. ಗೋಡೆ ಅತ್ತಿತ್ತ ಓಲಾಡದಂತೆ ಅಲ್ಲಲ್ಲಿ ತೂತು ಕೊರೆದು ಉದ್ದನೆಯ ಮೊಳೆ ಇಳಿಸಿದ್ದ. ಆ ಮೊಳೆ ಕೆಳಪಟ್ಟಿಯಲ್ಲಿ ಬಿಗಿ, ಮೇಲಿನ ತೂತಿನಲ್ಲಿ ಸಡಿಲ.

"ಅಳತೆ ತಪ್ಪಿತಲ್ಲೋ" ಅಂದೆ.

"ಇಲ್ಲ ಅಪ್ಪಾಜಿ. ಇಲ್ಲಿ ಹಿಂಗೇ ಕಟ್ಟಬೇಕು. ನೆಲ ಏಳ್ತದೆ."

"ನೆಲ ಏಳೋದಾ?"

"ಎರೆ ಭೂಮಿ" ಅಂದ. ಒಂದೇ ಮಾತು. ನನಗೆ ಮುಂದಿನ ವಿವರಣೆ ಬೇಕಾಗಲಿಲ್ಲ.

ಡೆನ್ವರಿನ ಅಡಿಯ ಜೇಡಿಯೂ ನಮ್ಮ ಎರೆಯೊಳಗಿನ ಜೇಡಿಯೂ ಒಂದೇ ವಂಶ. ಮಾಂಟ್‌ಮೊರಿಲೊನೈಟ್ ಎಂದು ಅದರ ಹೆಸರು. ನೀರು ಕುಡಿದರೆ ಪದರ ಪದರವಾಗಿ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ನಮ್ಮ ಹೊಲದಲ್ಲಿ ಬೇಸಿಗೆಯ ಬಿರುಕಿಗೆ ನಾನು ಕಳೆದುಕೊಂಡ ಗೋಲಿಗಳಿಗೆ ಲೆಕ್ಕವಿಲ್ಲ. ತೋಳು ಇಳಿಸಿದರೂ ಕೈಗೆ ಸಿಗುತ್ತಿರಲಿಲ್ಲ, ಮಳೆ ಬಂದರೆ ಬಾಯಿ ಮುಚ್ಚಿ ನುಂಗಿಬಿಡುತ್ತಿತ್ತು. ಅಂಥ ಮಣ್ಣಿನ ಮೇಲಿನ ಕಾಂಕ್ರೀಟ್ ನೆಲ ಒಂದು ದಿನ ಏಳುವುದೇ. ಗೋಡೆ ಬಿಗಿಯಾಗಿ ನಿಂತಿದ್ದರೆ ನೆಲ ಗೋಡೆಯನ್ನು ದೂಡುತ್ತದೆ, ಗೋಡೆ ತೊಲೆಯನ್ನು ದೂಡುತ್ತದೆ, ಮೇಲಿನ ಮನೆಯ ಬಾಗಿಲು ಮುಚ್ಚುವುದಿಲ್ಲ. ಸಂದು ಬಿಟ್ಟಿದ್ದರೆ ನೆಲ ತನ್ನಷ್ಟಕ್ಕೆ ಎದ್ದು ಇಳಿಯುತ್ತದೆ. ಮಣ್ಣು ಇನ್ನೂ ಕೆಟ್ಟದಿದ್ದ ಕಡೆ 3 ಇಂಚು ಬಿಡುತ್ತಾರೆ. ಕೊನೆಗೆ ಸಂದು ಕಾಣದಂತೆ ಅಡಿಯಲ್ಲೊಂದು ಪಟ್ಟಿ. ಅದನ್ನೂ ಗೋಡೆಗೆ ಮಾತ್ರ ಹೊಡೆಯಬೇಕು, ನೆಲಕ್ಕೆ ಅಲ್ಲ.

ಹೊನ್ನಾಳಿಯ ನನ್ನ ಮನೆ ಕಟ್ಟಿದ ಗುತ್ತಿಗೆದಾರನಿಗೆ ಇದು ಗೊತ್ತಿರಲಿಲ್ಲ ಅಂತ ಹೇಳಲಾರೆ. ಗೊತ್ತಿತ್ತು. ಗದ್ದೆ ಒಡೆದು ಮಾಡಿದ ಸೈಟು, ಮೊರಂ ಸಿಗುವವರೆಗೆ ಅಗೆಯಬೇಕಿತ್ತು. "ಇಷ್ಟು ಸಾಕು ಸಾರ್, ಆನೆ ಕಟ್ಟಿದರೂ ಅಲ್ಲಾಡಲ್ಲ" ಅಂದ. ನಾನೂ ದುಡ್ಡು ಉಳಿಯಿತೆಂದು ಆನೆಯನ್ನು ನಂಬಿದೆ. ಎರಡನೇ ಯುಗಾದಿಗೆ ಕಿಟಕಿಯ ಮೂಲೆಯಿಂದ ನಲವತ್ತೈದು ಡಿಗ್ರಿಯಲ್ಲಿ ಬಿರುಕು ಹೊರಟಿತು. ನ್ಯಾಮತಿಯಲ್ಲಿ ಬಾಡಿಗೆಗಿದ್ದಾಗ ಹಳೆಯ ಗೌಂಡಿಯೊಬ್ಬ ಹೇಳಿಕೊಟ್ಟಿದ್ದ ಉಪಾಯ ನೆನಪಿತ್ತು: ಬಿರುಕಿಗೆ ಅಡ್ಡಲಾಗಿ ಗಾಜಿನ ಸಣ್ಣ ಪಟ್ಟಿಯೊಂದನ್ನು ಎರಡೂ ಕಡೆ ಸಿಮೆಂಟಿನಿಂದ ಅಂಟಿಸು, ಗಾಜು ಉಳಿದರೆ ಬಿರುಕು ಸತ್ತಿದೆ, ಒಡೆದರೆ ಜೀವ ಇದೆ. ನಮ್ಮದು ಒಡೆಯಿತು. ಈಗಲೂ ಮಳೆಗಾಲಕ್ಕೆ ಮುಚ್ಚಿಕೊಂಡು ಬೇಸಿಗೆಗೆ ಬಾಯಿ ಬಿಡುತ್ತದೆ. ಪಂಚಾಂಗ ತರಿಸುವ ಖರ್ಚಿಲ್ಲ. ಎರೆ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ತಳದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳ ಪಾಯ ರೂಪಿಸಿದ್ದಾರೆ. ತೇವ ಏರಿಳಿಯದ ಆಳದಲ್ಲಿ ಗಡ್ಡೆ ಊರಿರುತ್ತದೆ, ಮೇಲಿನ ಬೀಮಿಗೂ ಮಣ್ಣಿಗೂ ನಡುವೆ ಸಂದು ಬಿಟ್ಟಿರುತ್ತಾರೆ. ಅಲ್ಲೂ ಸಂದೇ.

ಹಲಗೆ ಹೊದಿಸುವ ಮೊದಲು ಊರಾಡಳಿತದ ಇನ್‌ಸ್ಪೆಕ್ಟರ್ ಬಂದು ನೋಡಿ ಸಹಿ ಹಾಕಬೇಕು. ಬಂದವನು ಗೋಡೆ ಎಷ್ಟು ನೆಟ್ಟಗಿದೆ ಅಂತ ಹೆಚ್ಚು ನೋಡಲಿಲ್ಲ. ನಾನು ಗುಂಡು ಹಿಡಿದು ಸಿದ್ಧನಾಗಿ ನಿಂತದ್ದು ದಂಡ. ಮೊಣಕಾಲೂರಿ ಕೂತು, ಸಂದಿನೊಳಗೆ ಟೇಪು ತೂರಿಸಿ, ಗೋಡೆಯುದ್ದಕ್ಕೂ ಹಾಗೇ ನೋಡುತ್ತ ಹೋದ.

ಆ ಮನುಷ್ಯ ಮೊಣಕಾಲೂರಿದ್ದನ್ನು ನೋಡುತ್ತ ನನಗೆ 1997 ನೆನಪಾಯಿತು. ಆ ವರ್ಷ ದಾವಣಗೆರೆ ಜಿಲ್ಲೆಯಾಯಿತು. ಮುಖ್ಯಮಂತ್ರಿ ಜೆ.ಎಚ್. ಪಟೇಲರು, ಚನ್ನಗಿರಿ ತಾಲ್ಲೂಕಿನವರೇ. ಚಿತ್ರದುರ್ಗದಿಂದ ಜಗಳೂರು, ಶಿವಮೊಗ್ಗದಿಂದ ಚನ್ನಗಿರಿ ಮತ್ತು ಹೊನ್ನಾಳಿ ಬಂದು ಸೇರಿ, ಬೇರೆ ಬೇರೆ ಜಿಲ್ಲೆಯವರಾಗಿದ್ದ ಗಂಡ-ಹೆಂಡತಿ ನಾವು ಒಂದೇ ಜಿಲ್ಲೆಯವರಾದೆವು. ಅದೇ ವರ್ಷ ನಾನೂ ತಮ್ಮನೂ ಪಾಲಾದೆವು. ಹಿತ್ತಿಲನ್ನು ನಾನೇ ಅಳೆದೆ. ಮೇಷ್ಟ್ರ ಅಳತೆ, ಅಂಗುಲ ತಪ್ಪುವಂತಿಲ್ಲ. ಸರಿಯರ್ಧದ ಗೆರೆ ಹಗೇವಿನ ಬಾಯಿಯ ಮೇಲೇ ಹಾದುಹೋಯಿತು. ಆಗಲೇ ಅದಕ್ಕೆ ರಾಗಿ ತುಂಬಿ ಎಷ್ಟೋ ವರ್ಷವಾಗಿತ್ತು. ಗೌಂಡಿ ತಲೆ ಕೆರೆದುಕೊಂಡು, "ಗೆರೆ ಎರಡಡಿ ಆಚೆ ಸರಿಸ್ರಿ, ಇಲ್ಲ ಈಚೆ ಸರಿಸ್ರಿ. ಗಟ್ಟಿ ನೆಲ ಸಿಗ್ತತಿ" ಅಂದ. ಆಚೆ ಅಂದರೆ ತಮ್ಮನಿಗೆ ಎರಡಡಿ ನಷ್ಟ, ಈಚೆ ಅಂದರೆ ನನಗೆ. ಇಬ್ಬರೂ ಆಕಾಶ ನೋಡಿದೆವು. ಕೊನೆಗೆ ಹಳೆಯ ಮಾಳಿಗೆಯ ಮಣ್ಣನ್ನು ಹಗೇವಿಗೆ ಸುರಿದು, ದಮ್ಮಸ್ಸು ಹಾಕುವ ತಾಳ್ಮೆಯೂ ಇಲ್ಲದೆ, ಅದರ ಮೇಲೇ ಗೋಡೆ ಎಬ್ಬಿಸಿದೆವು. ಮೊದಲ ಮಳೆಗೇ ನಡುವೆ ಕುಸಿದು ತಗ್ಗಾಯಿತು. ಎತ್ತರಿಸಿದೆವು. ಮತ್ತೆ ಇಳಿಯಿತು. ಆ ತಗ್ಗಿನ ಮೇಲಿನಿಂದಲೇ ನಮ್ಮಿಬ್ಬರ ಹೆಂಡಿರು ಹಬ್ಬದ ದಿನ ಹೋಳಿಗೆ ತಟ್ಟೆ ದಾಟಿಸುತ್ತಿದ್ದದ್ದು ನಮಗೆ ತಿಳಿದದ್ದು ತಡವಾಗಿ.

ಇನ್‌ಸ್ಪೆಕ್ಟರ್ ಹೋದ ಸಂಜೆ ತಮ್ಮನಿಗೆ ವಿಡಿಯೋ ಕಾಲ್ ಮಾಡಿ ಗೋಡೆ ತೋರಿಸಿದೆ. ಫೋನನ್ನು ಸಂದಿನ ಹತ್ತಿರ ಹಿಡಿದೆ. ಅವನು ತುಂಬ ಹೊತ್ತು ನೋಡಿದ.

"ಅಣ್ಣ, ಅದರಾಗೆ ಇಲಿ ನುಗ್ಗಲ್ವಾ?"

"ಪಟ್ಟಿ ಹೊಡಿತಾರೆ ಕಣೋ, ಮುಚ್ಚಿ ಹೋಗ್ತದೆ."

"ಹೂಂ" ಅಂದ. ಹಿಂದಿನಿಂದ ಅವನ ಹೆಂಡತಿ ಏನೋ ಹೇಳಿದಳು, ಕೇಳಿಸಲಿಲ್ಲ. ಫೋನನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದ; ಅಲ್ಲಿ ಬೆಳಗಿನ ಬಿಸಿಲು. "ನಮ್ದು ಈ ಮಳೆಗೆ ಮತ್ತೆ ಎರಡು ಬೆರಳು ಇಳಿದೈತೆ ನೋಡು. ಬರುವಾಗ ಅಪ್ಪನ ಗುಂಡು ಅಲ್ಲೇ ಬಿಟ್ಟು ಬರಬ್ಯಾಡ."