ಪುನರ್ಪುಳಿ ನೆರಳಿಲಿ ಮಾಂಗೊಸ್ಟೀನ್

ಈಗ ನಮ್ಮ ಊರಿಲಿ ಆರ ಮನೆ ಜಾಲಿಂಗೆ ಹೋದರುದೆ ಒಂದಾದರೂ ಹೆರದೇಶದ ಹಣ್ಣಿನ ಸೆಸಿ ಇದ್ದೇ ಇದ್ದು. ರಂಬುಟನ್, ಮಾಂಗೊಸ್ಟೀನ್, ಡ್ರ್ಯಾಗನ್ ಫ್ರೂಟು. ನೆಡುವದರಲ್ಲಿ ತಪ್ಪೆಂತ ಇಲ್ಲೆ. ನಮ್ಮ ಗೇರು, ಅನನಾಸು, ಪಪ್ಪಾಯಿ, ಒಗ್ಗರಣೆಗೆ ಹಾಕುವ ಮೆಣಸುದೆ ಅಮೇರಿಕದ ಹೊಡೆಂದ ಬಂದದೇ, ಪೋರ್ಚುಗೀಸರ ಕಾಲಲ್ಲಿ. ಈಗ ಮೆಣಸಿಲ್ಲದ್ದ ಸಾರಿನ ಆರು ಉಣ್ತವು?

ಎಂಗಳಲ್ಲಿ ಚರ್ಚೆ ಆದ್ದು ಸೆಸಿ ಬೇಕೋ ಬೇಡದೋ ಹೇಳಿ ಅಲ್ಲ, ಜಾಗೆಗೆ. 10 ವರ್ಷ ಹಿಂದೆ ಮಗ ರಜೆಲಿ ಬಂದಿಪ್ಪಗ ನರ್ಸರಿಂದ ಎರಡು ಮಾಂಗೊಸ್ಟೀನ್ ಸೆಸಿ ತಂದ. ಬಾವಿಕಟ್ಟೆ ಹತ್ರಾಣ ಪುನರ್ಪುಳಿ ಮರ ಕಡುದರೆ ನೀರೂ ಹತ್ರ, ಬೆಣಚ್ಚಿಯೂ ಸಿಕ್ಕುತ್ತು ಹೇಳಿ ಅಪ್ಪ ಮಗ ಕೂದು ತೀರ್ಮಾನ ಮಾಡಿದವು. ಆ ಮರ ಎನ್ನ ಅತ್ತೆ ನೆಟ್ಟದು. ಬೇಸಗೆಲಿ ಬಂದವಕ್ಕೆ ಶರ್ಬತ್ತು, ಮಳೆಗಾಲಕ್ಕೆ ಒಣಗಿಸಿ ಮಡಗಿದ ಚೋಲಿಯ ಸಾರು, ಎಲ್ಲ ಅದರದ್ದೇ. ಅತ್ತೆ ಹೋಗಿ ಎರಡು ವರ್ಷ ಆಗಿತ್ತಷ್ಟೆ. ಕಡಿವಲೆ ಆನು ಬಿಡೆ ಹೇಳಿದೆ.

"ಭಾವನೆಲಿ ತೋಟ ಆವುತ್ತಾ ಅಮ್ಮಾ?" ಹೇಳಿ ಮಗ ನೆಗೆ ಮಾಡಿದ. ಸರಿ, ಭಾವನೆ ಬೇಡ. ಮಾಂಗೊಸ್ಟೀನುದೆ ಪುನರ್ಪುಳಿಯುದೆ ಒಂದೇ ಕುಟುಂಬದ ಮಕ್ಕೊ, ಎರಡೂ ಗಾರ್ಸೀನಿಯಾ. ಎಲೆ ಹರುದು ನೋಡಿ, ಎರಡರಲ್ಲಿಯೂ ಹಳದಿ ಮೇಣ. ಮಾಂಗೊಸ್ಟೀನ್ ಸಣ್ಣಾಗಿಪ್ಪಗ ಬೆಶಿಲು ತಡೆಯ; ಸುರುವಾಣ ಎರಡು ಮೂರು ವರ್ಷ ನೆರಳು ಬೇಕೇ ಬೇಕು. ನಮ್ಮ ಕರಾವಳಿಲಿ ಚಳಿಗೆ ಗೆಡು ಸಾವದು ಹೇಳಿ ಇಲ್ಲೆ, ಆದರೆ ಮಾರ್ಚು ಎಪ್ರಿಲಿನ ಬೆಶಿಲಿದ್ದನ್ನೆ, ಅದು ಕೊಲ್ಲುಗು. ಬೆಳದ ಮರವ ಕಡುದು, ಮತ್ತೆ ಅಲ್ಲಿಯೇ ತೆಂಗಿನ ಮಡಲು ಕುತ್ತಿ ನೆರಳು ಮಾಡುವದು ಎಂತ ಲೆಕ್ಕ?

ಹಾಂಗೆ ಒಂದು ಸೆಸಿಯ ಪುನರ್ಪುಳಿಯ ಮೂಡ ಹೊಡೆಲಿ, 15 ಅಡಿ ದೂರಲ್ಲಿ, ಹೊತ್ತೋಪಗಾಣ ಬೆಶಿಲು ಬೀಳದ್ದಾಂಗೆ ನೆಟ್ಟೆ. ಇನ್ನೊಂದರ ಮಗ ಹಠಲ್ಲಿ ಜಾಲ ಕರೆಲಿ ನೆಟ್ಟ. ಅದು ಎರಡ್ನೇ ಬೇಸಗೆ ದಾಂಟಿದ್ದಿಲ್ಲೆ.

ಬುಡಕ್ಕೆ ಒಣಗಿದ ಎಲೆ, ಅಡಕ್ಕೆ ಚೋಲಿ, ಅಕ್ಕಿ ತೊಳದ ನೀರು. ಬೆಳವಣಿಗೆ ಮಾಂತ್ರ ಕೇಳೆಡಿ! ವರ್ಷಕ್ಕೆ ಒಂದೆರಡು ಜೋಡಿ ಎಲೆ ಬಂದರೆ ಅದೇ ಹಬ್ಬ. ನಾಕು ವರ್ಷ ಕಳುದ ಮೇಲೆ ಪುನರ್ಪುಳಿಯ ಆ ಹೊಡೆಯ ಗೆಲ್ಲು ಕಡುಶಿದೆ, ದೊಡ್ಡ ಆದ ಮತ್ತೆ ಅದಕ್ಕೂ ಬೆಣಚ್ಚಿ ಬೇಕು. "ಇದು ಹಣ್ಣಪ್ಪಗ ತಿಂಬಲೆ ಇಲ್ಲಿ ಆರಿರ್ತವು?" ಹೇಳಿ ಯೆಜಮಾನ್ರು ಒಂದರಿ ಕೇಳಿದವು. ಮಕ್ಕೊ ಇಬ್ರೂ ಊರಿಲಿ ನಿಂಬವು ಅಲ್ಲ ಹೇಳಿ ಎನಗೂ ಗೊಂತಿತ್ತು. ಅತ್ತೆ ಪುನರ್ಪುಳಿ ನೆಡುವಗ ಅವಕ್ಕೆ ಐವತ್ತು ಕಳುದಿತ್ತಡ. ಆನು ಉತ್ತರ ಹೇಳಿದ್ದಿಲ್ಲೆ, ನೀರೆರದೆ.

ರಂಬುಟನಿನ ಕಥೆ ಬೇರೆ. ಅತ್ತಿಗೆ ಮನೆಲಿ ಬಿತ್ತು ಹಾಕಿ ಸಾಂಕಿದ ಮರ 7 ವರ್ಷಕ್ಕೆ ಹೂಗು ಬಿಟ್ಟತ್ತು, ಒಂದೇ ಒಂದು ಕಾಯಿ ಇಲ್ಲೆ. ಗೆಂಡು ಮರ! ಪುನರ್ಪುಳಿಲಿಯೂ ಹಾಂಗೆ ಇದ್ದು, ನಿಂಗೊಗೆ ಗೊಂತಿಪ್ಪದೇ. ರಂಬುಟನ್ ತೆಕ್ಕೊಂಬಗ ಕಸಿ ಕಟ್ಟಿದ್ದನ್ನೇ ತೆಕ್ಕೊಳ್ಳಿ. ಮಾಂಗೊಸ್ಟೀನಿಂಗೆ ಆ ತಲೆಬೆಶಿ ಇಲ್ಲೆ. ಗೆಂಡಿನ ಹಂಗಿಲ್ಲದ್ದೆ ಬಿತ್ತು ಕಟ್ಟುತ್ತು, ಸೆಸಿ ಅಬ್ಬೆಯ ಹಾಂಗೇ ಆವುತ್ತು. (ಗೆಂಡುಮಕ್ಕೊ ಇದರ ಓದುತ್ತವಿಲ್ಲೆ ಹೇಳಿ ಗ್ರೇಶುತ್ತೆ.)

ಕಳುದ ಮಳೆಗಾಲಲ್ಲಿ ಸುರೂ ಹಣ್ಣಾತು. 17. ಹಣ್ಣಿನ ಅಡಿಲಿ ಸಣ್ಣ ಹೂಗಿನ ಹಾಂಗಿಪ್ಪ ಗುರ್ತ ಇರ್ತು, ಅದರ ಎಸಳು ಎಷ್ಟೋ ಒಳ ಸೊಳೆಯೂ ಅಷ್ಟೇ. ವಿಡಿಯೋ ಕಾಲಿಲಿ ಪುಳ್ಳಿಗೆ ತೋರ್ಸಿದೆ. "ಆರು" ಹೇಳಿತ್ತು, ಒಡದರೆ ಆರೇ. ಚೋಲಿಯ ರಸ ವಸ್ತ್ರಕ್ಕೆ ತಾಗದ್ದಾಂಗೆ ನೋಡಿಗೊಳ್ಳಿ, ಕಲೆ ಹೋವುತ್ತಿಲ್ಲೆ. ಮಗ ಬಂದಪ್ಪಗ ನಾಕು ಹಣ್ಣು ತಿಂದ, ಮೇಲಂದ ಎರಡು ಗ್ಲಾಸು ಪುನರ್ಪುಳಿ ಶರ್ಬತ್ತು ಕುಡುದ. ಎಂತದೂ ಹೇಳಿದ್ದಾಯಿಲ್ಲೆ.

ಬಿತ್ತು ಒಣಗಿರೆ ಹುಟ್ಟ, ಹಾಂಗಾಗಿ ತಿಂದ ಮರದಿನವೇ ಮಣ್ಣಿಂಗೆ ಹಾಕಿದೆ. ಐದು ಮೊಳಕೆ ಬೈಂದು. ಜಾಲಿಲಿ ನೆರಳಿನ ಮರ ಇಪ್ಪವು ಕೇಳಿ, ಒಂದೊಂದು ಕೊಡ್ತೆ.