ಕಂಬ ಅಡ್ಡ ಬಂದ ಗುಂಡು

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ಸಂದಣಿ ದಾಟಿ ಕೃಷ್ಣರಾಜೇಂದ್ರ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆದರೆ ಹಳೆಯ ಕೋಟೆಯ ದೆಹಲಿ ಬಾಗಿಲು ಸಿಗುತ್ತದೆ. 1791ರ ಮಾರ್ಚ್ 21ರಂದು ಲಾರ್ಡ್ ಕಾರ್ನ್‌ವಾಲಿಸನ ಸೇನೆ ಗೋಡೆಯೊಡೆದು ಒಳನುಗ್ಗಿದ್ದು ಇಲ್ಲಿ ಎಂದು ಸಾರುವ ಕಲ್ಲಿನ ಫಲಕವೂ ಇದೆ. ಕೋಟೆಯ ಕಿಲ್ಲೇದಾರ ಬಹಾದೂರ್ ಖಾನ್ ಅಂದು ಹೋರಾಡುತ್ತಲೇ ಮಡಿದ.

ಇನ್ನೂ ಸ್ವಲ್ಪ ಮುಂದೆ, ಚಾಮರಾಜಪೇಟೆಯ ಅಂಚಿನಲ್ಲಿ, ಟಿಪ್ಪುವಿನ ಮರದ ಅರಮನೆಯೂ ಅದಕ್ಕೆ ಹೊಂದಿಕೊಂಡು ಕೋಟೆ ವೆಂಕಟರಮಣಸ್ವಾಮಿ ದೇವಾಲಯವೂ ಇವೆ. ದೇವಾಲಯದ ಮುಂದೆ ಎತ್ತರದ ಕಲ್ಲುಕಂಬವೊಂದು ನಿಂತಿದೆ. ಮುತ್ತಿಗೆಯ ಕಾಲದಲ್ಲಿ ಅರಮನೆಯತ್ತ ಬಂದ ಫಿರಂಗಿ ಗುಂಡನ್ನು ಈ ಕಂಬವೇ ತಡೆಯಿತು ಎಂಬುದು ಜನರ ನಂಬಿಕೆ.

ಈಗ ಇದೇ ದೃಶ್ಯವನ್ನು ವಿಡಿಯೋ ಆಟದಲ್ಲಿ ತೋರಿಸಬೇಕು ಎಂದುಕೊಳ್ಳೋಣ. ಕಂಪ್ಯೂಟರಿಗೆ ಗುಂಡೂ ಗೊತ್ತಿಲ್ಲ, ಗುರುತ್ವವೂ ಗೊತ್ತಿಲ್ಲ. ಅದಕ್ಕೆ ಬರುವುದು ಕೂಡುವ ಕಳೆಯುವ ಲೆಕ್ಕ ಮಾತ್ರ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಮೂಡುತ್ತವೆ ಎನ್ನಿ. ಪ್ರತಿ ಚಿತ್ರಕ್ಕೂ ಗುಂಡಿನ ಕೆಳಮುಖ ವೇಗಕ್ಕೆ 9.8ರ 60ನೇ ಒಂದು ಭಾಗವನ್ನು, ಅಂದರೆ ಸೆಕೆಂಡಿಗೆ ಸುಮಾರು 0.16 ಮೀಟರನ್ನು ಕೂಡಿಸಬೇಕು. ಗಾಳಿಯ ತಡೆಯನ್ನು ಬಿಟ್ಟರೆ ಮುಂದಕ್ಕೆ ಸಾಗುವ ವೇಗ ಬದಲಾಗದು. ಇಷ್ಟು ಮಾಡಿದರೆ ಸಾಕು, ಹತ್ತನೇ ತರಗತಿ ದಾಟಿದ ಮಕ್ಕಳು ಓದುವ ಪರವಲಯ ತಾನಾಗಿ ಮೂಡುತ್ತದೆ, ಯಾರೂ ಬಿಡಿಸಬೇಕಾಗಿಲ್ಲ.

ಆದರೆ ಒಂದು ತೊಡಕಿದೆ. ಸೆಕೆಂಡಿಗೆ 300 ಮೀಟರ್ ವೇಗದ ಗುಂಡು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ 5 ಮೀಟರ್ ಜಿಗಿಯುತ್ತದೆ. ಒಂದು ಚಿತ್ರದಲ್ಲಿ ಕಂಬದ ಈಚೆ, ಮರುಚಿತ್ರದಲ್ಲಿ ಆಚೆ! ಕಂಬಕ್ಕೆ ತಾಗಿದ್ದೇ ಕಂಪ್ಯೂಟರಿಗೆ ತಿಳಿಯದು. ಗುಂಡು ನೇರ ಅರಮನೆಗೆ ಬಡಿಯುತ್ತದೆ. ಆದ್ದರಿಂದ ಆಟ ರೂಪಿಸುವವರು ಹಿಂದಿನ ಜಾಗದಿಂದ ಹೊಸ ಜಾಗಕ್ಕೆ ಮನಸ್ಸಿನಲ್ಲೇ ಒಂದು ಗೆರೆ ಎಳೆದು, ಆ ಗೆರೆ ಕಂಬವನ್ನು ಮುಟ್ಟುತ್ತದೆಯೇ ಎಂದು ಪ್ರತಿ ಸಲವೂ ಪರೀಕ್ಷಿಸುವಂತೆ ಏರ್ಪಡಿಸುತ್ತಾರೆ.

ಫಿರಂಗಿ ಗುಂಡಿಗಿಂತ ರಾಕೆಟ್ ಇನ್ನೂ ಕಷ್ಟ. ಮಾರುಕಟ್ಟೆಗೆ ಸಮೀಪದ ತಾರಾಮಂಡಲಪೇಟೆಗೆ ಆ ಹೆಸರು ಬಂದದ್ದೇ ಅಲ್ಲಿ ಬಾಣಗಳು ತಯಾರಾಗುತ್ತಿದ್ದುದರಿಂದ ಎನ್ನುತ್ತಾರೆ. ಹೈದರ್ ಮತ್ತು ಟಿಪ್ಪುವಿನ ಬಾಣಗಳ ವಿಶೇಷ ಕಬ್ಬಿಣದ ಕೊಳವೆ. ಕಾಗದದ ಕೊಳವೆ ಸಿಡಿದುಹೋಗುವಷ್ಟು ಒತ್ತಡವನ್ನು ಅದು ತಾಳುತ್ತಿತ್ತು. ಹಾಗಾಗಿ ಬಾಣ ದೂರ ಹಾರುತ್ತಿತ್ತು. ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಇವುಗಳ ಬಗ್ಗೆ ವಿವರವಾದ ಅಧ್ಯಯನ ಪ್ರಕಟಿಸಿದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರದಷ್ಟು ಕೊಳವೆಗಳು ದೊರೆತವು.

ಮದ್ದು ಉರಿಯುವಷ್ಟು ಕಾಲ ಬಾಣಕ್ಕೆ ತಳ್ಳು ಸಿಗುತ್ತದೆ, ತೂಕವೂ ಇಳಿಯುತ್ತದೆ. ಉರಿದು ಮುಗಿದ ಮೇಲೆ ಅದೂ ಕಲ್ಲಿನಂತೆ ಬೀಳುತ್ತದೆ. ಆಟದಲ್ಲಿ ಈ ಎರಡು ಹಂತಗಳಿಗೂ ಬೇರೆ ಲೆಕ್ಕ ಬೇಕು. ಹಿಂದಿನ ಹೊಗೆಯೋ ನೂರಾರು ಚುಕ್ಕೆಗಳ ಗುಂಪು. ಪ್ರತಿ ಚುಕ್ಕೆಯೂ ಹಳದಿಯಾಗಿ ಹುಟ್ಟಿ, ಬೂದಿಬಣ್ಣಕ್ಕೆ ತಿರುಗಿ, ಹಿಗ್ಗಿ, ಮಾಸಿಹೋಗುತ್ತದೆ.

ಮಕ್ಕಳು ಆಟದ ಮುಂದೆ ಹೊತ್ತು ಕಳೆಯುತ್ತಾರೆಂದು ತಂದೆತಾಯಂದಿರು ಕೊರಗುವುದು ಸಹಜ. ಬೈಯುವ ಬದಲು ಒಂದು ಭಾನುವಾರ ಅವರನ್ನು ಈ ದಾರಿಯಲ್ಲಿ ಕರೆತರಬಹುದು. ಬಸವನಗುಡಿಯ ಯಾವುದಾದರೂ ಮೈದಾನದಲ್ಲಿ ಚೆಂಡೆಸೆದು ಅಳೆಯಲಿ: ಸೆಕೆಂಡಿಗೆ 20 ಮೀಟರ್ ವೇಗದಲ್ಲಿ 45 ಡಿಗ್ರಿ ಕೋನಕ್ಕೆ ಎಸೆದ ಚೆಂಡು ಲೆಕ್ಕದ ಪ್ರಕಾರ ಸುಮಾರು 40 ಮೀಟರ್ ಹೋಗಬೇಕು. ಗಾಳಿ ಎಷ್ಟು ಕದಿಯಿತೆಂದು ಅವರೇ ಕಂಡುಕೊಳ್ಳುವರು.

ದೆಹಲಿ ಬಾಗಿಲಿನ ಬಳಿಯೂ ಒಂದು ಕ್ಷಣ ನಿಲ್ಲಲಿ. ಪರದೆಯ ಮೇಲೆ ಬಿದ್ದವನು ಗುಂಡಿ ಒತ್ತಿದರೆ ಮತ್ತೆ ಏಳುತ್ತಾನೆ. 1791ರಲ್ಲಿ ಇಲ್ಲಿ ಬಿದ್ದವರು ಏಳಲಿಲ್ಲ.